ಮೀನಿನ ಸಾಲಿಗೆ ಸರ್ಕಾರವಿದೆ, ಇನ್‌ಹೇಲರ್‌ಗೆ ಯಾರಿದ್ದಾರೆ?

ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ಜನ ಸಾಲುಗಟ್ಟುತ್ತಾರೆ. ಬತ್ತಿನಿ ಗೌಡ ಮನೆತನದವರು ಹಳದಿ ಬಣ್ಣದ ಮದ್ದಿನ ಉಂಡೆಯನ್ನು ಕೊರಮೀನಿನ ಮರಿಯ ಬಾಯಿಗಿಟ್ಟು, ಆ ಜೀವಂತ ಮರಿಯನ್ನು ಉಬ್ಬಸದ ರೋಗಿಯ ಗಂಟಲಿಗೆ ಇಳಿಸುತ್ತಾರೆ. ಮೀನು ತಿನ್ನದವರಿಗೆ ಅದೇ ಮದ್ದನ್ನು ಬೆಲ್ಲದಲ್ಲಿ ಕೊಡುತ್ತಾರೆ. ಮೂರು ವರ್ಷ ತಪ್ಪದೆ ನುಂಗಿ, ಪ್ರತಿ ಸಲ 45 ದಿನ ಪಥ್ಯ ಹಿಡಿದರೆ ರೋಗ ಬೇರುಸಹಿತ ಹೋಗುತ್ತದೆ ಎಂಬುದು ನಂಬಿಕೆ. ಬೀದರ್, ಕಲಬುರಗಿ, ರಾಯಚೂರಿನಿಂದಲೂ ಜನ ಅಲ್ಲಿಗೆ ಹೋಗುತ್ತಾರೆ. ನಮ್ಮ ಕೊಪ್ಪಳ ತಾಲ್ಲೂಕಿನ ಕುಟುಗನಹಳ್ಳಿಯಲ್ಲೂ ಇದೇ ಮಳೆಯ ಮುಹೂರ್ತಕ್ಕೆ ಉಬ್ಬಸದ ಔಷಧ ಹಂಚುವ ರೂಢಿಯಿದೆ.

ಜೊತೆಗೇ ವರ್ಷಾವಧಿ ಜಗಳವೂ ಶುರುವಾಗುತ್ತದೆ. ಇದು ಮೂಢನಂಬಿಕೆ ಎಂದು ವಿಚಾರವಾದಿಗಳು ಹೇಳಿಕೆ ಕೊಡುತ್ತಾರೆ. ಜನವಿಜ್ಞಾನ ವೇದಿಕೆಯಂಥ ಸಂಘಟನೆಗಳು ವರ್ಷಗಳಿಂದ ಇದರ ವಿರುದ್ಧ ಹೋರಾಡಿವೆ. ನೂರಾರು ವರ್ಷದ ಪರಂಪರೆ, ಕಾಸು ಕೇಳದ ಸೇವೆ ಎಂದು ಇನ್ನೊಂದು ಕಡೆಯವರು ಉತ್ತರಿಸುತ್ತಾರೆ. ನಾಲ್ಕು ದಿನ ಟಿ.ವಿ. ಚರ್ಚೆ ನಡೆದು, ಮುಂದಿನ ಜೂನ್‌ವರೆಗೆ ಎಲ್ಲರೂ ಸುಮ್ಮನಾಗುತ್ತಾರೆ.

ನನ್ನ ತಕರಾರು ಇರುವುದು ಸರ್ಕಾರದ ಮೇಲೆ. ಹೈದರಾಬಾದಿನಲ್ಲಿ ಮೀನುಗಾರಿಕೆ ಇಲಾಖೆ ಮರಿಗಳನ್ನು ಒದಗಿಸುತ್ತದೆ. ಪೊಲೀಸರು ಬ್ಯಾರಿಕೇಡ್ ಹಾಕಿ ಸಾಲು ಕಾಯುತ್ತಾರೆ. ಕುಡಿಯುವ ನೀರು, ವಿಶೇಷ ಬಸ್ಸು, ಪಾಸು, ಕೌಂಟರು ಎಲ್ಲವೂ ಸಿದ್ಧವಾಗುತ್ತವೆ. ಮಂತ್ರಿಗಳೇ ಬಂದು ಚಾಲನೆ ಕೊಡುತ್ತಾರೆ. ಉಬ್ಬಸದ ರೋಗಿಗಳಿಗಾಗಿ ಇಷ್ಟು ಇಲಾಖೆಗಳು ಒಟ್ಟಿಗೆ ಓಡಾಡುವುದು ವರ್ಷದಲ್ಲಿ ಈ ಎರಡು ದಿನ. ಅದೇ ರೋಗಿಗಳು ಉಳಿದ ದಿನಗಳಲ್ಲಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಇನ್‌ಹೇಲರ್ ಸಿಗುತ್ತದೆಯೇ? ಎಷ್ಟೋ ಕಡೆ ಸಿಗುವುದು ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ, ಜಿಲ್ಲಾಸ್ಪತ್ರೆಗೆ ಹೋಗಿ ಎಂಬ ಚೀಟಿ.

ಈ ಮಾತನ್ನು ದೂರ ನಿಂತು ಆಡುತ್ತಿಲ್ಲ. ನಾನೇ ತೀವ್ರ ಅಸ್ತಮಾದ ರೋಗಿ. ದಮ್ಮು ಹತ್ತಿದ ರಾತ್ರಿ ಮಲಗಲು ಆಗುವುದಿಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಮಂಡಿಯ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ಕೂರಬೇಕು. ಒಳಗೆ ಎಳೆದ ಗಾಳಿ ಹೊರಗೆ ಹೋಗುವುದಿಲ್ಲ. ಪ್ರತಿ ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಸೆಳೆಯುತ್ತದೆ. ‘ನೀರು ಕೊಡು’ ಎನ್ನುವ ಎರಡು ಪದದ ನಡುವೆ ನಿಲ್ಲಬೇಕಾಗುತ್ತದೆ. ಎದೆಯೊಳಗಿನ ಸೀಟಿಯಂಥ ಸದ್ದು ನಿಂತರೆ ಮನೆಯವರು ಸದ್ಯ ಇಳಿಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ರೋಗಿ ಸುಸ್ತಾಗಿ ಕುಸಿಯುತ್ತಿರುವಾಗ ಆ ಸದ್ದು ನಿಂತರೆ ವೈದ್ಯರು ಓಡಿ ಬರುತ್ತಾರೆ. ಸದ್ದು ಮಾಡುವಷ್ಟು ಗಾಳಿಯೂ ಶ್ವಾಸನಾಳದಲ್ಲಿ ಓಡುತ್ತಿಲ್ಲ ಎಂದು ಅದರರ್ಥ. ಇಂಥ ರಾತ್ರಿಗಳನ್ನು ಕಂಡವರು ಮೀನನ್ನಾದರೂ ನುಂಗುತ್ತಾರೆ, ಹರಕೆಯನ್ನಾದರೂ ಹೊರುತ್ತಾರೆ. ಸಾಲಿನಲ್ಲಿ ನಿಂತವರನ್ನು ಅಜ್ಞಾನಿಗಳು ಎಂದು ಗೇಲಿ ಮಾಡುವವರ ಜೊತೆ ನಾನಿಲ್ಲ.

‘ಅದರಿಂದ ತೊಂದರೆಯೇನೂ ಇಲ್ಲವಲ್ಲ, ಎಷ್ಟೋ ಜನಕ್ಕೆ ಗುಣ ಕಂಡಿದೆ’ ಎಂಬುದು ಮದ್ದಿನ ಪರವಾಗಿರುವವರ ದೊಡ್ಡ ವಾದ. ಗುಣ ಕಂಡಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅಸ್ತಮಾ ಏರಿಳಿಯುವ ರೋಗ. ಹವೆ, ಹೂಪರಾಗ, ದೂಳು, ನೆಗಡಿಗೆ ತಕ್ಕಂತೆ ಕೆರಳುತ್ತದೆ, ತಾನಾಗಿ ತಣಿಯುತ್ತದೆ. ಮಕ್ಕಳಲ್ಲಿ ಕಾಣಿಸಿಕೊಂಡ ಉಬ್ಬಸ ಅನೇಕರಿಗೆ ಹರೆಯಕ್ಕೆ ಬರುವಷ್ಟರಲ್ಲಿ ಹಿಂದೆ ಸರಿಯುತ್ತದೆ. ಮೂರು ವರ್ಷ ಮದ್ದು ಕೊಟ್ಟು ಕಾದರೆ ಆ ಕೀರ್ತಿ ಮದ್ದಿಗೆ ಸಲ್ಲುವುದು ಸಹಜ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಒಂದು ಸಣ್ಣ ಅಧ್ಯಯನವನ್ನು ಪ್ರಕಟಿಸಿತು. ಅಸ್ತಮಾ ರೋಗಿಗಳಿಗೆ ಬೇರೆ ಬೇರೆ ದಿನ ಶ್ವಾಸನಾಳ ತೆರೆಯುವ ಸಾಲ್ಬುಟಮಾಲ್ ಔಷಧವಿರುವ ನಿಜವಾದ ಇನ್‌ಹೇಲರ್, ಔಷಧವೇ ಇಲ್ಲದ ಇನ್‌ಹೇಲರ್ ಮತ್ತು ಹುಸಿ ಅಕ್ಯುಪಂಕ್ಚರ್ ಕೊಟ್ಟರು. ಕೆಲವು ದಿನ ಏನನ್ನೂ ಕೊಡದೆ ಬಿಟ್ಟರು. ಮೊದಲ ಮೂರರಲ್ಲೂ ರೋಗಿಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದ ಉಪಶಮನ ಸಿಕ್ಕಿತು ಎಂದರು. ಶ್ವಾಸಕೋಶವನ್ನು ಅಳೆದು ನೋಡಿದರೆ ಕಥೆಯೇ ಬೇರೆ. ನಿಜವಾದ ಔಷಧ ತೆಗೆದುಕೊಂಡಾಗ ಉಸಿರಿನ ಬಲ ಶೇ 20ರಷ್ಟು ಸುಧಾರಿಸಿತ್ತು. ಉಳಿದ ಮೂರರಲ್ಲೂ ಶೇ 7ರ ಆಸುಪಾಸಿನಲ್ಲೇ ನಿಂತಿತ್ತು. ರೋಗಿಗೆ ಹಾಯೆನಿಸಿದೆ, ಆದರೆ ಶ್ವಾಸನಾಳ ತೆರೆದಿಲ್ಲ. ನಂಬಿಕೆಯ ಮದ್ದಿನ ಅಪಾಯ ಇರುವುದು ಇಲ್ಲಿಯೇ. ಗುಣವಾಯಿತೆಂದು ನಂಬಿದವರು ದಿನದ ಇನ್‌ಹೇಲರನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಒಳಗಿನ ಊತ ಸದ್ದಿಲ್ಲದೆ ಬೆಳೆಯುತ್ತದೆ. ಮುಂದೊಂದು ರಾತ್ರಿ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗುವುದಿಲ್ಲ.

ಸಾವಿನ ಲೆಕ್ಕ ಇದನ್ನೇ ಹೇಳುತ್ತದೆ. ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಇದು ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಶೇ 13ರಷ್ಟು. ಜಗತ್ತಿನ ಅಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಮಾತ್ರ ಶೇ 42ಕ್ಕೂ ಹೆಚ್ಚು. ನಮ್ಮ ಶ್ವಾಸಕೋಶಗಳೇನೂ ಬೇರೆಯಲ್ಲ. ರೋಗವನ್ನು ಗುರುತಿಸದೆ ಇರುವುದು, ಗುರುತಿಸಿದರೂ ಸರಿಯಾದ ಔಷಧ ಕೊಡದೆ ಇರುವುದು ಈ ಅಂತರಕ್ಕೆ ದೊಡ್ಡ ಕಾರಣ.

ಸರಿಯಾದ ಔಷಧವೇನೂ ಗುಟ್ಟಿನ ಸೂತ್ರವಲ್ಲ. ಶ್ವಾಸನಾಳದ ಊತ ಇಳಿಸುವ ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಅನ್ನು ಸಣ್ಣ ಪ್ರಮಾಣದಲ್ಲಿ ನಿತ್ಯ ಸೇದುವುದೇ ಚಿಕಿತ್ಸೆಯ ಬೆನ್ನೆಲುಬು. ಉಸಿರು ಕಟ್ಟಿದಾಗ ಮಾತ್ರ ಸಾಲ್ಬುಟಮಾಲ್ ಪಫ್ ಎಳೆದು ದಿನ ದೂಡುವುದು ಅಪಾಯಕಾರಿ ಎಂದು ‘ಜೀನಾ’ ಎಂಬ ಜಾಗತಿಕ ಅಸ್ತಮಾ ತಜ್ಞರ ವೇದಿಕೆ 2019ರಲ್ಲೇ ಸ್ಪಷ್ಟಪಡಿಸಿದೆ. ಬುಡೆಸೊನೈಡ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೂ ಹಳ್ಳಿಯ ರೋಗಿಯ ಕೈಗೆ ಬರುವುದು ಮಾತ್ರೆಯೇ. ಇನ್‌ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ ಸಾಲ್ಬುಟಮಾಲ್ ಇರುತ್ತದೆ. ಮಾತ್ರೆಯಲ್ಲಿ 2ರಿಂದ 4 ಮಿಲಿಗ್ರಾಂ, ಅಂದರೆ 20ರಿಂದ 40 ಪಟ್ಟು. ಒಂದು ಸಸಿಗೆ ನೀರುಣಿಸಲು ಕೆರೆಯ ಏರಿಯನ್ನೇ ಒಡೆದಂತೆ, ಶ್ವಾಸನಾಳಕ್ಕೆ ಬೇಕಾದ ಔಷಧ ಮೈಯೆಲ್ಲ ಹರಿದು ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಪದೇ ಪದೇ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಬರುವ ಸಂಭವ ಹೆಚ್ಚು. ಇಷ್ಟಾದರೂ ‘ಇನ್‌ಹೇಲರ್ ಚಟ ಹಿಡಿಸುತ್ತದೆ, ಮಗಳ ಮದುವೆಗೆ ಅಡ್ಡಿಯಾಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಡೆಯುತ್ತದೆ.

ತೀವ್ರ ಅಸ್ತಮಾದವರ ಪಾಡು ಇದಕ್ಕಿಂತ ಕಷ್ಟದ್ದು. ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ, ಸರಿಯಾದ ಕ್ರಮದಲ್ಲಿ ಸೇದಿದರೂ ರೋಗ ಹತೋಟಿಗೆ ಬಾರದವರು ನಾವು. ಅಸ್ತಮಾ ಇರುವ ನೂರು ಮಂದಿಯಲ್ಲಿ ಇಂಥವರು ಮೂವರಿಂದ ಹತ್ತು ಮಂದಿ. ನಮ್ಮಲ್ಲಿ ಅನೇಕರಿಗೆ ಮೆಪೊಲಿಜುಮ್ಯಾಬ್, ಒಮಾಲಿಜುಮ್ಯಾಬ್‌ನಂಥ ಜೈವಿಕ ಔಷಧಗಳ ಚುಚ್ಚುಮದ್ದು ಹೊಸ ಬದುಕು ಕೊಡಬಲ್ಲದು. ಅದರ ಖರ್ಚು ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಆಯುಷ್ಮಾನ್ ಭಾರತದಂಥ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪಿಸಿದ್ದು. ಉಸಿರು ನಿಲ್ಲುವ ಹಂತಕ್ಕೆ ಬಂದು ಐಸಿಯು ಸೇರಿದರೆ ಬಿಲ್ಲಿಗೆ ಹಣವಿದೆ. ಐಸಿಯುವಿನಿಂದ ದೂರ ಇಡುವ ದಿನದ ಔಷಧ ರೋಗಿಯ ಜೇಬಿನ ಪಾಲು. ಇಷ್ಟು ವಿವೇಚನೆಯಿಲ್ಲದ ಲೆಕ್ಕಾಚಾರವನ್ನು ನಾವು ಆರೋಗ್ಯ ನೀತಿ ಎನ್ನುತ್ತಿದ್ದೇವೆ. ಬೆಲೆಯ ಕಥೆಯೂ ಹಾಗೆಯೇ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಎಂಟು ಹಳೆಯ ಔಷಧಗಳ ಗರಿಷ್ಠ ಬೆಲೆಯನ್ನು ಶೇ 50ರಷ್ಟು ಏರಿಸಿತು. ನೆಬ್ಯುಲೈಸರ್‌ಗೆ ಹಾಕುವ ಸಾಲ್ಬುಟಮಾಲ್ ದ್ರಾವಣವೂ ಅದರಲ್ಲಿತ್ತು.

ಕಾನೂನಿನ ಮಾತಿಗೆ ಬರೋಣ. ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಅಸ್ತಮಾ ಇದೆ. ಅದನ್ನು ವಾಸಿ ಮಾಡುತ್ತೇನೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಅಸ್ತಮಾ ಸೇರಿ ಹಲವು ರೋಗಗಳನ್ನು ಗುಣಪಡಿಸುವ ಮಾತಾಡಿದ್ದ ಪತಂಜಲಿ ಜಾಹೀರಾತುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ, ಸುಳ್ಳು ಹೇಳಿಕೆಯಿರುವ ಪ್ರತಿ ಉತ್ಪನ್ನಕ್ಕೆ ಒಂದು ಕೋಟಿ ರೂಪಾಯಿ ದಂಡದ ಎಚ್ಚರಿಕೆ ಕೊಟ್ಟಿತು. ಕಂಪನಿಗೊಂದು ನ್ಯಾಯ, ಸರ್ಕಾರವೇ ಮುಂದೆ ನಿಂತು ನಡೆಸುವ ಮೇಳಕ್ಕೆ ಇನ್ನೊಂದು ನ್ಯಾಯ ಇರಲಾಗದು. ಮದ್ದು ಕೊಡುವವರು ಕೊಡಲಿ, ನಂಬುವವರು ನಂಬಲಿ. ಸರ್ಕಾರದ ಹಣ, ಸಿಬ್ಬಂದಿ, ಮಂತ್ರಿಯ ಹಾಜರಿ ಅಲ್ಲಿರಬಾರದು. ಮಂತ್ರಿ ಬಂದು ನಿಂತರೆ ಅದಕ್ಕೆ ಸರ್ಕಾರದ ಮುದ್ರೆ ಬಿದ್ದಂತೆ ಎಂದೇ ರೋಗಿ ತಿಳಿಯುತ್ತಾನೆ.

ಅಲೋಪಥಿಯೂ ಅಸ್ತಮಾವನ್ನು ವಾಸಿ ಮಾಡುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ವಾಸಿ ಮಾಡುವುದಿಲ್ಲ, ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಹತೋಟಿಯಲ್ಲಿಡುತ್ತದೆ. ಮೆಟ್ಟಿಲು ಹತ್ತುವ, ಕೆಲಸಕ್ಕೆ ಹೋಗುವ, ರಾತ್ರಿ ಮಲಗಿ ನಿದ್ದೆ ಮಾಡುವ ಬದುಕನ್ನು ಬಹುಪಾಲು ರೋಗಿಗಳಿಗೆ ಮರಳಿಸುತ್ತದೆ. ಮಧುಮೇಹದವರೂ ತಮ್ಮ ಔಷಧದಿಂದ ಇದಕ್ಕಿಂತ ಹೆಚ್ಚೇನನ್ನೂ ಕೇಳುತ್ತಿಲ್ಲ.

ಇಂಥ ಚಿಕಿತ್ಸೆಯನ್ನು ರೋಗಿಗಳಿಗೆ ತಲುಪಿಸುವುದು ಕರ್ನಾಟಕಕ್ಕೆ ಅಸಾಧ್ಯವೇನಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಬಿ.ಪಿ., ಶುಗರ್ ತಪಾಸಣೆ ಮತ್ತು ಔಷಧವನ್ನು ಮನೆಬಾಗಿಲಿಗೆ ಒಯ್ಯುತ್ತಿದೆ. ಅದೇ ಚೀಲದಲ್ಲಿ ಸ್ಟೀರಾಯ್ಡ್ ಇನ್‌ಹೇಲರ್, ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಇರಲಿ. ಇನ್‌ಹೇಲರ್ ಎಳೆಯುವ ಕ್ರಮವನ್ನು ಆಶಾ ಕಾರ್ಯಕರ್ತೆಯರಿಗೆ, ನರ್ಸ್‌ಗಳಿಗೆ ಕಲಿಸಿ; ಹತೋಟಿಗೆ ಬಾರದ ಎಷ್ಟೋ ಅಸ್ತಮಾ ಅಷ್ಟರಿಂದಲೇ ಹತೋಟಿಗೆ ಬರುತ್ತದೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ನಡೆಯಲಿ. ತೀವ್ರ ಅಸ್ತಮಾ ಎಂದು ತಜ್ಞರು ದೃಢಪಡಿಸಿದ ಬಡ ರೋಗಿಗಳಿಗೆ ಜೈವಿಕ ಔಷಧವನ್ನು ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲಿ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಮೃಗಶಿರಾ ಮಳೆಗೆ ಮೀನಿನ ಮದ್ದಿನ ಚರ್ಚೆ ಮತ್ತೆ ಬಂದಾಗ, ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇನ್‌ಹೇಲರ್ ಇದೆಯೇ ಎಂದು ವಿಚಾರಿಸಿ. ಇಲ್ಲವಾದರೆ ನಿಮ್ಮ ಶಾಸಕರನ್ನು ಕೇಳಿ. ಮನೆಯಲ್ಲಿ ಅಸ್ತಮಾ ಇರುವವರು ಯಾವ ಮದ್ದನ್ನೇ ನಂಬಲಿ, ವೈದ್ಯರು ಕೊಟ್ಟ ಇನ್‌ಹೇಲರನ್ನು ತಾವಾಗಿ ನಿಲ್ಲಿಸದಂತೆ ನೋಡಿಕೊಳ್ಳಿ.