ನಾಲಿಗೆಯ ರುಚಿಗೆ ಮೂಗಿನ ಸಾಕ್ಷಿ

ಮನೆಯಲ್ಲಿ ಅಮೀನಗಡದ ಕರದಂಟು ಇದ್ದರೆ ಒಂದು ಚೂರು ತೆಗೆದುಕೊಳ್ಳಿ. ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಮುಚ್ಚಿ, ಅದನ್ನು ಬಾಯಿಗೆ ಹಾಕಿ ಜಗಿಯಿರಿ. ಸಿಹಿ ಎಂಬುದಷ್ಟೇ ತಿಳಿಯುತ್ತದೆ. ಈಗ ಬೆರಳು ತೆಗೆಯಿರಿ. ಬೆಲ್ಲ, ಒಣಕೊಬ್ಬರಿ, ತುಪ್ಪದ ಘಮ ಒಮ್ಮೆಲೇ ಬರುತ್ತದೆ. ಮಕ್ಕಳಿಗೂ ಮಾಡಿಸಿ, ಪಾಠಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ನಾಲಿಗೆಗೆ ತಿಳಿಯುವುದು ಸಿಹಿ, ಉಪ್ಪು, ಹುಳಿ, ಕಹಿ ಮತ್ತು ಮಾಂಸದ ಸಾರಿನಲ್ಲಿ ಸಿಗುವ ‘ಉಮಾಮಿ’ ಎಂಬ ರುಚಿ. ಇದನ್ನು 1908ರಲ್ಲಿ ಗುರುತಿಸಿದವರು ಜಪಾನಿನ ಇಕೆಡಾ. ಹಾಗಾದರೆ ಖಾರ? ಅದು ರುಚಿಯೇ ಅಲ್ಲ! ಮೆಣಸಿನಕಾಯಿಯ ಅಂಶವು ಸುಟ್ಟ ನೋವನ್ನು ಮೆದುಳಿಗೆ ತಿಳಿಸುವ ನರಗಳನ್ನೇ ಕೆಣಕುತ್ತದೆ. ಇದರ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅಂದರೆ ನಮ್ಮ ಬಾಗಲಕೋಟೆ ಕಡೆಯವರು ಜೋಳದ ರೊಟ್ಟಿಯ ಜೊತೆ ದಿನಾ ನೋವನ್ನೇ ತಿನ್ನುತ್ತೇವೆ, ಅದೂ ಕೇಳಿ ಹಾಕಿಸಿಕೊಂಡು!

ಉಳಿದದ್ದೆಲ್ಲ ಮೂಗಿನ ಕೆಲಸ. ಜಗಿಯುವಾಗ ಏಳುವ ವಾಸನೆಯ ಕಣಗಳು ಗಂಟಲಿನ ಹಿಂಭಾಗದಿಂದ ಮೂಗಿನ ಮೇಲ್ಭಾಗಕ್ಕೆ ಹೋಗುತ್ತವೆ. ಅಲ್ಲಿನ ಪುಟ್ಟ ಪೊರೆಯ ನರಕೋಶಗಳಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚೆತ್ತವು ಎಂಬುದನ್ನು ನೋಡಿ ಮೆದುಳು ಇದು ಏಲಕ್ಕಿ, ಇದು ಲವಂಗ ಎಂದು ಗುರುತಿಸುತ್ತದೆ. ರಮಝಾನ್‌ನಲ್ಲಿ ಉಪವಾಸವಿದ್ದು ಅಡುಗೆ ಮಾಡುವಾಗ ಮಸಾಲೆ ಹುರಿದದ್ದು ಸಾಕೇ ಎಂದು ನಿಮಗೆ ಮೂಗೇ ಹೇಳುತ್ತದಲ್ಲವೇ? ಉಪ್ಪನ್ನು ಮಾತ್ರ ಹೇಳದು. ಉಪ್ಪಿಗೆ ವಾಸನೆಯಿಲ್ಲ.

2020 ಮತ್ತು 2021ರಲ್ಲಿ ಕೊರೋನಾ ಬಂದಾಗ ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುವವರ ಮೂಗೇ ಸೋತಿತು. ಒಗ್ಗರಣೆ ಸೀದದ್ದು ತಿಳಿಯದು, ಹಾಲು ಕೆಟ್ಟದ್ದು ತಿಳಿಯದು. ಆ ವೈರಸ್ ಮುಖ್ಯವಾಗಿ ಹಾಳು ಮಾಡಿದ್ದು ವಾಸನೆಯ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು. ಆದ್ದರಿಂದ ಬಹುತೇಕರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಪೂರ್ತಿ ಮರಳಲಿಲ್ಲ. ಅಂಥವರಿಗೆ ವೈದ್ಯರು ಹೇಳುವ ಅಭ್ಯಾಸ ಸುಲಭವಾದುದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಮತ್ತು ಸಂಜೆ ಒಂದೊಂದಾಗಿ, ಗಮನವಿಟ್ಟು ಮೂಸುವುದು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಎಲ್ಲರಿಗೂ ಫಲ ಸಿಗುತ್ತದೆಂದಲ್ಲ, ಹಲವರಿಗೆ ಸಿಕ್ಕಿದೆ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದೇ ದುರ್ವಾಸನೆ ಬೆರೆಸುತ್ತಾರೆ. ನಿಮಗೆ ವಾಸನೆ ಸರಿಯಾಗಿ ಬರದಿದ್ದರೆ ಸಂಕೋಚವಿಲ್ಲದೆ ಮನೆಯವರಿಗೆ ತಿಳಿಸಿ. ಅಡುಗೆ ಮುಗಿದೊಡನೆ ರೆಗ್ಯುಲೇಟರ್ ಬಂದ್ ಮಾಡಿ.

ಇನ್ನು, ವಯಸ್ಸಾದಂತೆ ಎಲ್ಲರ ಮೂಗೂ ಮಂದವಾಗುತ್ತದೆ. ಅತ್ತೆಯವರು “ಸಾರಿಗೆ ರುಚಿಯೇ ಇಲ್ಲ” ಎಂದರೆ ಅದು ನಿಮ್ಮ ಮೇಲಿನ ದೂರು ಆಗಿರಲಿಕ್ಕಿಲ್ಲ. ಅವರಿಗೆ ರಕ್ತದೊತ್ತಡವಿದ್ದರೆ ಉಪ್ಪು ಹೆಚ್ಚಿಸಬೇಡಿ. ಸ್ವಲ್ಪ ನಿಂಬೆರಸ ಹಿಂಡಿ, ಬೆಳ್ಳುಳ್ಳಿಯ ಒಗ್ಗರಣೆಯನ್ನು ಬಡಿಸುವ ಮುಂಚೆ ಬಿಸಿಬಿಸಿಯಾಗಿ ಹಾಕಿ ನೋಡಿ.