ಮದ್ಯದ ಸಗಟು ಸರ್ಕಾರದ್ದು, ಹೊಣೆ ಯಾರದು?

ಕನ್ನಡನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಅದರ ಅಬಕಾರಿಯೂ ಹರಿದು ಹಂಚಿಹೋಗಿತ್ತು. ಮೈಸೂರಿನವರಿಗೆ 1901ರ ಕಾಯಿದೆ, ಧಾರವಾಡದವರಿಗೆ ಮುಂಬಯಿಯದು, ಮಂಗಳೂರಿನವರಿಗೆ ಮದರಾಸಿನದು, ಕಲಬುರ್ಗಿಯವರಿಗೆ ನಿಜಾಮರದು. 1956ರಲ್ಲಿ ನಾಡು ಒಂದಾಯಿತು. 1965ರ ಅಧಿನಿಯಮದಿಂದ ನಾಡಿಗೆಲ್ಲ ಒಂದೇ ಅಬಕಾರಿ ಕಾನೂನಾಯಿತು. 2003ರಲ್ಲಿ ಸರ್ಕಾರವು ಮದ್ಯದ ಸಗಟು ವ್ಯಾಪಾರವನ್ನು ಖಾಸಗಿ ವರ್ತಕರಿಂದ ಬಿಡಿಸಿ, ಕರ್ನಾಟಕ ರಾಜ್ಯ ಪಾನೀಯ ನಿಗಮವೆಂಬ ತನ್ನದೇ ಸಂಸ್ಥೆಗೆ ಒಪ್ಪಿಸಿತು. ಒಂದು ನಾಡು, ಒಂದು ಕಾನೂನು, ಒಬ್ಬನೇ ಸಗಟುಗಾರ! ಹಾಗಾದರೆ ಹೊಣೆಯೂ ಒಬ್ಬನದೇ ಆಗಬೇಡವೇ? ಇದೇ ನಮ್ಮ ಪ್ರಶ್ನೆ.

ಈ ವ್ಯವಸ್ಥೆಯ ಕ್ರಮವನ್ನು ವಾಚಕರು ಮನಸ್ಸಿಟ್ಟು ನೋಡಬೇಕು. ಕಾರ್ಖಾನೆಯವನು ನಿಗಮಕ್ಕಲ್ಲದೆ ಅಂಗಡಿಯವನಿಗೆ ಮಾರುವಂತಿಲ್ಲ. ಸನ್ನದುದಾರನಾದ ಅಂಗಡಿಯವನು ನಿಗಮದ ಡಿಪೋದಿಂದಲ್ಲದೆ ಬೇರೆಲ್ಲಿಂದಲೂ ಕೊಳ್ಳುವಂತಿಲ್ಲ. ಯಾವ ಅಂಗಡಿಗೆ ಯಾವ ದಿನ ಎಷ್ಟು ಪೆಟ್ಟಿಗೆ ಹೋಯಿತೆಂಬುದು ನಿಗಮದ ಬಿಲ್ಲಿನಲ್ಲಿದೆ. ಸೀಸೆಯ ಮೇಲೆ ಅಬಕಾರಿಯ ಚೀಟಿಯಿದೆ, ಬ್ಯಾಚಿನ ಸಂಖ್ಯೆಯಿದೆ. ದೇವಸ್ಥಾನ, ಪಾಠಶಾಲೆ, ಆಸ್ಪತ್ರೆಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು 1967ರ ನಿಯಮಗಳು ಹೇಳುತ್ತವೆ. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟು ಇನ್ನೇನು ಬೇಕು?

ಆದರೆ ಮಂಡ್ಯದ ಪೇಟೆಯನ್ನು ಬಿಟ್ಟು ಮದ್ದೂರು, ಮಳವಳ್ಳಿಗಳ ಹಳ್ಳಿಗಳ ಹಾದಿ ಹಿಡಿಯಿರಿ. ಸನ್ನದಿಲ್ಲದ ಊರಿನಲ್ಲಿಯೂ ಬೀಡಿ ಬೆಂಕಿಪೊಟ್ಟಣ ಮಾರುವ ಪೆಟ್ಟಿಗೆ ಅಂಗಡಿಯಲ್ಲಿ ಸೀಸೆ ದೊರೆಯುತ್ತದೆಂಬ ದೂರು ಯಾವ ಗ್ರಾಮಸಭೆಗೆ ಹೊಸದು? ಆ ಅಂಗಡಿ ಶಾಲೆಗೆ ಎಷ್ಟು ಮೀಟರು ದೂರವೆಂದು ಅಳೆಯುವವರು ಯಾರು? ಕೂಲಿಯ ಹಣ ಮನೆ ಸೇರುವ ಮುನ್ನವೇ ಅಲ್ಲಿ ಕರಗುತ್ತದೆ. ಮರುದಿನ ಮಗು ಪುಸ್ತಕವಿಲ್ಲದೆ ಶಾಲೆಗೆ ಬರುತ್ತದೆ. ಇದನ್ನು ನಮ್ಮ ಉಪಾಧ್ಯಾಯ ಬಂಧುಗಳಿಗೆ ನಾವು ತಿಳಿಸಿಕೊಡಬೇಕಾಗಿಲ್ಲ.

ಆ ಸೀಸೆ ಆಕಾಶದಿಂದ ಉದುರಲಿಲ್ಲ. ಅದರ ಮೇಲೆ ಸರ್ಕಾರದ ಚೀಟಿಯಿದ್ದರೆ ಅದು ಸರ್ಕಾರದ ಡಿಪೋದಿಂದಲೇ ಹೊರಟಿತು. ಸನ್ನದುದಾರನೊಬ್ಬನ ಕೈದಾಟಿಯೇ ಹಳ್ಳಿಗೆ ಬಂದಿತು. ಸುಂಕ ಎಣಿಸುವಾಗ ಒಂದು ಹನಿಯನ್ನೂ ಬಿಡದ ಕಣ್ಣು, ಅಪರಾಧ ಹುಡುಕುವಾಗ ಮಾತ್ರ ಏಕೆ ಮಂಜಾಗಬೇಕು? ಪೆಟ್ಟಿಗೆ ಅಂಗಡಿಯ ಬಡವನನ್ನು ಹಿಡಿದು ದಂಡ ಹಾಕುವುದು, ಅವನಿಗೆ ಮಾಲು ಕೊಟ್ಟ ಸನ್ನದುದಾರನನ್ನು ಕೇಳದೆ ಬಿಡುವುದು—ಇದು ನ್ಯಾಯವಲ್ಲ, ನ್ಯಾಯದ ಅಣಕ.

ಬಿಗಿ ಮಾಡಿದರೆ ಕಳ್ಳಭಟ್ಟಿ ಹೆಚ್ಚುವುದೆಂದು ಸರ್ಕಾರದ ಪಕ್ಷದವರು ಹೆದರಿಸುತ್ತಾರೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಮಿಕ್ಕಿ ಜನ ಸತ್ತುದನ್ನು ನಾವು ಮರೆತಿಲ್ಲ. ಆದರೆ ನಾವಿಲ್ಲಿ ಕೇಳುತ್ತಿರುವುದು ಹೊಸ ನಿಷೇಧವನ್ನಲ್ಲ, ಇರುವ ನಿಯಮದ ಪಾಲನೆಯನ್ನು. 2007ರ ಜುಲೈ 1ರಂದು ಸಾರಾಯಿಯನ್ನು ನಿಲ್ಲಿಸಿದ ಸರ್ಕಾರಕ್ಕೆ ತನ್ನದೇ ಡಿಪೋದ ಲೆಕ್ಕವನ್ನು ಓದುವುದು ಅಸಾಧ್ಯವೇ? ಬೊಕ್ಕಸಕ್ಕೆ ಹಣ ಬೇಕೆಂಬ ವಾದವೂ ಉಂಟು. ಮದ್ಯಪಾನ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿದ್ದು ಇದೇ ಸರ್ಕಾರಕ್ಕೆ. ಸನ್ನದು ಕೊಡುವವನೂ ತಾನೇ, ಸಗಟು ಮಾರುವವನೂ ತಾನೇ, ತಪ್ಪಿಗೆ ತೀರ್ಪು ಹೇಳುವವನೂ ತಾನೇ ಆದಾಗ ಲಾಭದ ಕಡೆಗೆ ತಕ್ಕಡಿ ವಾಲದಿರುವುದು ಹೇಗೆ?

ಆದುದರಿಂದ ನಮ್ಮ ಬೇಡಿಕೆ ಮೂರೇ. ಡಿಪೋದಿಂದ ಹೊರಡುವಾಗಲೇ ಪ್ರತಿಯೊಂದು ಚೀಟಿಯೂ ಕೊಂಡ ಅಂಗಡಿಯ ಹೆಸರಿಗೆ ದಾಖಲಾಗಲಿ. ಹಳ್ಳಿಯಲ್ಲಿ ಸಿಕ್ಕ ಸೀಸೆಯ ಜಾಡು ಹಿಡಿದು, ತಪ್ಪು ರುಜುವಾತಾದ ಸನ್ನದನ್ನು ರದ್ದುಮಾಡಲಿ. ತಾಲ್ಲೂಕುವಾರು ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸಲಿ.

1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಪ್ರತಿಬಂಧಕಾಜ್ಞೆಯನ್ನು ಮೀರಿ ಧ್ವಜವನ್ನೆತ್ತಿದ ಸೀಮೆ ಇದು. ಅಂದು ನಮ್ಮ ಹಿರಿಯರು ಸರ್ಕಾರದ ಆಜ್ಞೆಯನ್ನು ಮುರಿದು ನಿಂತರು. ಇಂದು ನಾವು ಕೇಳುವುದು ಅದಕ್ಕಿಂತ ಎಷ್ಟೋ ಸುಲಭವಾದುದು: ಸರ್ಕಾರವು ತನ್ನ ಆಜ್ಞೆಯನ್ನು ತಾನು ಪಾಲಿಸಲಿ!