ಮಿಂಚಂಚೆಯ ವಿಳಾಸ ಕೃಷಿಕನ ಸ್ವಂತದ್ದಾಗಿರಲಿ

ಕಾಸರಗೋಡಿನ ನಮ್ಮ ಕೃಷಿಕರ ಕಾಗದಪತ್ರಗಳು ಈಗ ಬಹುಮಟ್ಟಿಗೆ ಕಂಪ್ಯೂಟರಿನ ಮೂಲಕವೇ ಸಾಗುತ್ತಿವೆ. ಸಹಾಯಧನವಿರಲಿ, ಬೆಳೆವಿಮೆ ಇರಲಿ, ಅರ್ಜಿಯಲ್ಲಿ ಇಮೇಲ್ ವಿಳಾಸವನ್ನು ಕೇಳುವುದು ಸಾಮಾನ್ಯವಾಗಿದೆ. ನಮ್ಮವರಲ್ಲಿ ಹಲವರು ಆ ಜಾಗದಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯವರ ವಿಳಾಸವನ್ನೇ ಬರೆಯಿಸಿ ಬರುತ್ತಾರೆ. ಉತ್ತರವು ಅಂಗಡಿಗೆ ಬಂದು ನೂರಾರು ಪತ್ರಗಳ ನಡುವೆ ಬಿದ್ದಿರುತ್ತದೆ. ದಾಖಲೆ ಸಾಲದೆಂದು ಕಚೇರಿಯವರು ತಿಳಿಸಿದ ಸಂಗತಿ ಕೃಷಿಕನ ಕಿವಿಗೆ ಬೀಳುವಾಗ ಗಡುವು ದಾಟಿರುತ್ತದೆ. ಇದಕ್ಕೆ ಅಂಗಡಿಯವರನ್ನು ದೂರಿ ಫಲವಿಲ್ಲ. ತನ್ನ ಅಂಚೆಪೆಟ್ಟಿಗೆಯನ್ನು ಪರರ ಜಗಲಿಯಲ್ಲಿ ಇರಿಸಿದವನು ಪತ್ರ ಸಿಗಲಿಲ್ಲವೆಂದು ಮರುಗಿ ಪ್ರಯೋಜನವೇನು?

ಆದುದರಿಂದ ಪ್ರತಿಯೊಂದು ಕೃಷಿಕ ಮನೆಗೂ ಸ್ವಂತ ಇಮೇಲ್ ವಿಳಾಸವೂ ಅದರೊಡನೆ ಒಂದು ಕ್ಯಾಲೆಂಡರೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಮೊಬೈಲ್ ಸಾಲದೇ ಎಂದು ಕೆಲವರು ಕೇಳಬಹುದು. ಪತ್ರ ಬಂತೆಂದು ತಿಳಿಯಲು ಅದು ಸಾಕು. ಆದರೆ ಎರಡು ಪುಟದ ಮನವಿಯನ್ನು ಬರೆಯುವುದಕ್ಕೂ, ದಾಖಲೆಗಳನ್ನು ಲಗತ್ತಿಸುವುದಕ್ಕೂ, ಹಳೆಯ ಪತ್ರಗಳನ್ನು ವಿಂಗಡಿಸಿ ಇಡುವುದಕ್ಕೂ ಮೇಜಿನ ಮೇಲಿನ ಕಂಪ್ಯೂಟರೇ ಅನುಕೂಲ.

ಕೆಲಸ ಕಠಿಣವಲ್ಲ. ಥಂಡರ್‌ಬರ್ಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಹೆಸರು, ವಿಳಾಸಗಳನ್ನು ಬರೆದರೆ ಸಾಮಾನ್ಯವಾಗಿ ಮುಂದಿನ ಜೋಡಣೆಯನ್ನು ಅದೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್, ಪಾಪ್ ಎಂಬ ಎರಡು ಕ್ರಮಗಳು ಕಂಡರೆ ಐಮ್ಯಾಪನ್ನೇ ಆರಿಸತಕ್ಕದ್ದು. ಪಾಪ್ ಕ್ರಮದಲ್ಲಿ ಪತ್ರಗಳು ನಮ್ಮ ಯಂತ್ರಕ್ಕೆ ಇಳಿದು, ಮೂಲದಲ್ಲಿ ಅಳಿಸಿಹೋಗುವುದೂ ಉಂಟು. ನಮ್ಮ ಕಡೆಯ ಸಿಡಿಲಿಗೆ ಯಂತ್ರ ಸುಟ್ಟರೆ ಪತ್ರಗಳೂ ಹೋದಂತೆಯೇ. ಐಮ್ಯಾಪ್ ಕ್ರಮದಲ್ಲಿ ಅವು ಮೂಲದಲ್ಲೇ ಉಳಿದು, ಮೊಬೈಲಿನಲ್ಲೂ ಕಾಣಸಿಗುತ್ತವೆ. ಇದೆಲ್ಲ ಮನೆಯ ಯಂತ್ರದ ಮಾತು. ವಾಚನಾಲಯದ ಕಂಪ್ಯೂಟರಿನಲ್ಲಾದರೆ ಬ್ರೌಸರಿನಲ್ಲಿ ಪತ್ರ ನೋಡಿ, ಏಳುವ ಮುನ್ನ ಸೈನ್ ಔಟ್ ಮಾಡಬೇಕು. ಗುಪ್ತಪದವನ್ನು ಯಾರಿಗೂ ಹೇಳಕೂಡದು. ಮಕ್ಕಳು ಮಾಡಿಕೊಡುವಾಗ ಹಿರಿಯರು ಪಕ್ಕದಲ್ಲಿ ಕುಳಿತು ಕಲಿತುಕೊಳ್ಳುವುದು ಲೇಸು.

ಕ್ಯಾಲೆಂಡರ್ ಕೂಡ ಅದೇ ತಂತ್ರಾಂಶದಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ಮಳೆ ಹಿಡಿಯುವ ಮೊದಲು ಒಮ್ಮೆ ಸಿಂಪಡಿಸಿ, 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕಷ್ಟೆ. ಮೊದಲ ಸಿಂಪಡಣೆಯ ದಿನವೇ ಎರಡನೆಯದರ ತಾರೀಕನ್ನು ಗುರುತಿಸಿ, ವಾರದ ಮೊದಲು ನೆನಪಿಸುವಂತೆ ಇರಿಸಿದರೆ ಮರಹತ್ತುವವರಿಗೆ ಹೇಳಿಡಲು ಸಮಯ ಸಿಗುತ್ತದೆ. ತೀರ್ವೆ, ಸೊಸೈಟಿಯ ಸಾಲದ ಕಂತು, ವಿಮೆಯ ಕೊನೆಯ ದಿನ, ಇವನ್ನೂ ಹೀಗೆಯೇ ಬರೆದಿಡಬಹುದು. ಯಂತ್ರ ಆರಿಸಿದ್ದರೆ ಅದು ನೆನಪಿಸಲಾರದು. ಆದಕಾರಣ ಗೂಗಲ್ ಕ್ಯಾಲೆಂಡರಿನಂಥದನ್ನು ಅದಕ್ಕೆ ಜೋಡಿಸಿ, ಮೊಬೈಲಿನಲ್ಲೂ ಅದು ಎಚ್ಚರಿಸುವಂತೆ ಮಾಡಿಕೊಳ್ಳಬೇಕು.

ಇನ್ನು ಮುಖ್ಯವಾದ ಮಾತು ಭಾಷೆಯದು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು; ನಮ್ಮ ಭಾಷೆ ಕನ್ನಡವಾಗಿಯೇ ಉಳಿದಿದೆ. ಕುಂದುಕೊರತೆಗಳ ನಿವಾರಣೆಗಾಗಿ ಕೇಂದ್ರದ ಇಲ್ಲವೆ ರಾಜ್ಯದ ಯಾವ ಅಧಿಕಾರಿಗಾದರೂ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ವಿಂಡೋಸಿನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಕೀಲಿಮಣೆಯಲ್ಲಿ ಕನ್ನಡ ಬರೆಯಬಹುದು. ಕೃಷಿಭವನಕ್ಕೆ ಕನ್ನಡದಲ್ಲಿ ಕಳುಹಿಸಿದ ಪತ್ರ ತಾರೀಕು, ಗಂಟೆ ಸಹಿತ ನಮ್ಮಲ್ಲಿ ಉಳಿಯುತ್ತದೆ. ಪತ್ರವನ್ನೇ ಕಳುಹಿಸಿಲ್ಲವೆಂದು ಯಾರಾದರೂ ಹೇಳಿದರೆ ತೋರಿಸಲು ಆಧಾರವಿರುತ್ತದೆ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಬಳಸಿದರೆ ಮಾತ್ರ ಬಾಳುತ್ತದೆ.

ಊರಿನ ವಾಚನಾಲಯದಲ್ಲೋ ಶಾಲೆಯಲ್ಲೋ ಒಂದು ಭಾನುವಾರ ನೆರೆದು, ಬಲ್ಲ ತರುಣರಿಂದ ಈ ಕೆಲಸವನ್ನು ಕಲಿಯೋಣ. ಮಳೆಗಾಲಕ್ಕೆ ಮುಂಚೆಯೇ ಆದರೆ ಇನ್ನೂ ಒಳ್ಳೆಯದು.